ಮೊದಲು ಮೌನ ಹುಡುಕಿ, ಆಮೇಲೆ ಧ್ವನಿ: ಒಂದೇ ಟ್ರಾನ್ಸಿಸ್ಟರ್‌ನ ಎಫ್‌ಎಂ ವೈರ್‌ಲೆಸ್ ಮೈಕ್ ಮಾಡುವ ಬಗೆ

"ಸರ್ಕ್ಯೂಟ್ ನೋಡಿಕೊಂಡೇ ಮಾಡಿದೆ ಸಾರ್, ಎಲ್ಲಾ ಸರಿಯಾಗೇ ಇದೆ. ಆದ್ರೆ ರೇಡಿಯೋದಲ್ಲಿ ಏನೂ ಕೇಳಲ್ಲ." ಈ ಮಾತನ್ನು ನಾನು ಎಷ್ಟು ಹುಡುಗರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಕಾಲು ಚುಚ್ಚಿ ಜೋಡಿಸುವ ತೂತುಗಳ ಹಲಗೆ) ತಂದು ಮೇಜಿನ ಮೇಲೆ ಇಡುತ್ತಾರೆ. ಉದ್ದುದ್ದ ವೈರುಗಳು, ನಿಂತಿರುವ ಕಾಲುಗಳು, ಒಂದು ಒಂಬತ್ತು ವೋಲ್ಟ್ ಬ್ಯಾಟರಿ. ಒಂದು ಕೈಯಲ್ಲಿ ಮೈಕ್ ಹಿಡಿದು "ಹಲೋ ಹಲೋ" ಅನ್ನುತ್ತಾ ಇನ್ನೊಂದು ಕೈಯಲ್ಲಿ ರೇಡಿಯೋ ತಿರುಗಿಸುತ್ತಾರೆ.

ತಪ್ಪು ಆಗುವುದು ಇಲ್ಲೇ. ಅವರು ಹುಡುಕುತ್ತಿರುವುದು ತಮ್ಮ ಧ್ವನಿಯನ್ನು. ಮೊದಲು ಹುಡುಕಬೇಕಾದದ್ದು ಮೌನವನ್ನು. ಸ್ಟೇಷನ್ ಇಲ್ಲದ ಜಾಗದಲ್ಲಿ ರೇಡಿಯೋ "ಸ್ಸ್ಸ್" ಅಂತ ಸದ್ದು ಮಾಡುತ್ತದೆ ಅಲ್ವಾ? ನಿಮ್ಮ ಸರ್ಕ್ಯೂಟ್ ಕೆಲಸ ಮಾಡುತ್ತಿದ್ದರೆ ಒಂದು ಜಾಗದಲ್ಲಿ ಆ ಸದ್ದು ಪಟ್ಟನೆ ನಿಲ್ಲುತ್ತದೆ. ಅದು ನಿಮ್ಮ ಸರ್ಕ್ಯೂಟ್ ಹೊರಡಿಸುವ ರೇಡಿಯೋ ಅಲೆ. ಮೈಕ್ ಬರುವುದು ಅದಾದ ಮೇಲೆ. ಈ ಕ್ರಮವನ್ನು ಬಿಡಬೇಡಿ, ಕೆಳಗಿನ ಎಲ್ಲಾ ಹಂತಗಳೂ ಇದರ ಮೇಲೇ ನಿಂತಿವೆ.

## ಬೆಸುಗೆ ಹಾಕುವ ಮೊದಲು ತಿಳಿದಿರಬೇಕಾದ ಎರಡು ಮಾತು

ಮೊದಲನೆಯದು ಕಾನೂನು. 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಜಾಗ ಆಕಾಶವಾಣಿಗೆ, ಲೈಸೆನ್ಸ್ ಪಡೆದ ಖಾಸಗಿ ಎಫ್‌ಎಂಗಳಿಗೆ, ಸಮುದಾಯ ಬಾನುಲಿಗಳಿಗೆ ಕೊಟ್ಟಿರುವಂಥದ್ದು. ಅನುಮತಿ ಇಲ್ಲದೆ ಅಲ್ಲಿ ಪ್ರಸಾರ ಮಾಡುವುದು ನಮ್ಮ ದೇಶದಲ್ಲಿ ಅಪರಾಧ. ಅದಕ್ಕೇ ಇಲ್ಲಿ ಹೇಳುವ ಸರ್ಕ್ಯೂಟ್‌ಗೆ ಏರಿಯಲ್ ಇಲ್ಲ. ಮೂರು ವೋಲ್ಟ್‌ನಲ್ಲಿ ನಡೆಯುತ್ತದೆ, ಅಲೆ ಕೋಣೆಯಾಚೆ ಹೋಗದ ಹಾಗೆ ಮಾಡುತ್ತೇವೆ. ಏರಿಯಲ್ ಇಲ್ಲ ಅಂದ ಮಾತ್ರಕ್ಕೆ ಅನುಮತಿ ಸಿಕ್ಕಿದ ಹಾಗಲ್ಲ. ಇದು ಮೇಜಿನ ಮೇಲೆ ಕಲಿಯುವ ಪ್ರಯೋಗ. ಕಲಿತಾದ ಮೇಲೆ ಸೆಲ್ ಬಿಚ್ಚಿಡಿ. ಗಣೇಶನ ಪೆಂಡಾಲ್‌ಗೋ ಶಾಲೆಯ ಕಾರ್ಯಕ್ರಮಕ್ಕೋ ವೈರ್‌ಲೆಸ್ ಮೈಕ್ ಬೇಕಿದ್ದರೆ ಅಂಗಡಿಯಿಂದ ತನ್ನಿ. ದೂರಕ್ಕೆ ಮಾತಾಡುವ ಆಸೆ ಇದ್ದರೆ ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಬರೆಯಿರಿ. 12 ವರ್ಷ ತುಂಬಿದವರು ಬರೆಯಬಹುದು, 144ರಿಂದ 146 ಮೆಗಾಹರ್ಟ್ಸ್ ಜಾಗ ಹ್ಯಾಮ್‌ಗಳಿಗೇ ಇದೆ. ಮತ್ತೆ, ಇದನ್ನು ಬೇರೆಯವರ ಕೋಣೆಯಲ್ಲಿ ಅವರಿಗೆ ಗೊತ್ತಿಲ್ಲದೆ ಇಡುವುದು ಕೆಟ್ಟ ಕೆಲಸ. ಆ ಉದ್ದೇಶ ಇದ್ದವರು ಮುಂದೆ ಓದುವುದು ಬೇಡ.

ಎರಡನೆಯದು ವಿಮಾನಗಳು. 108 ಮೆಗಾಹರ್ಟ್ಸ್ ದಾಟಿದ ಕೂಡಲೇ ವಿಮಾನಗಳಿಗೆ ದಾರಿ ತೋರಿಸುವ ಸಿಗ್ನಲ್‌ಗಳು ಶುರುವಾಗುತ್ತವೆ. 118ರಿಂದ ಮೇಲೆ ಪೈಲಟ್‌ಗಳ ಮಾತುಕತೆ. ನಮ್ಮ ಬೆಂಗಳೂರಲ್ಲಿ ದೇವನಹಳ್ಳಿ ಕಡೆ ಒಂದು ವಿಮಾನ ನಿಲ್ದಾಣ, ಊರೊಳಗೆ ಎಚ್‌ಎಎಲ್, ಉತ್ತರಕ್ಕೆ ಯಲಹಂಕದ ವಾಯುಪಡೆ ನೆಲೆ. ಆದ್ದರಿಂದ ನಮ್ಮ ಸರ್ಕ್ಯೂಟ್ ಯಾವತ್ತೂ ಮೇಲಿನಿಂದ ಕೆಳಗೆ ಬರಬಾರದು. 88ಕ್ಕಿಂತ ಕೆಳಗೆ ಶುರುವಾಗಿ ನಿಧಾನಕ್ಕೆ ಮೇಲೆ ಹತ್ತಬೇಕು. ಕಾಯಿಲ್ (ತಾಮ್ರದ ತಂತಿಯ ಸುರುಳಿ) ಸುತ್ತುವ ರೀತಿಯನ್ನೇ ಅದಕ್ಕೆ ತಕ್ಕಂತೆ ಇಟ್ಟಿದ್ದೇನೆ.

## ಹಂತ 1: ಸಾಮಾನು ತರುವುದು

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡ್‌ಗೆ ಹೋದರೆ ಎಲ್ಲವೂ ಒಂದೇ ಬೀದಿಯಲ್ಲಿ ಸಿಗುತ್ತದೆ. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ವಾರದ ದಿನ ಹೋಗಿ. ಈ ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಳ್ಳಿ:

- ಟ್ರಾನ್ಸಿಸ್ಟರ್ ಬಿಸಿ547, ಎರಡು (ಒಂದು ಸುಟ್ಟರೆ ಇನ್ನೊಂದು ಇರಲಿ)
- ರೆಸಿಸ್ಟರ್: 470 ಓಮ್, 4.7 ಕೆ, 47 ಕೆ, 22 ಕೆ, ತಲಾ ಎರಡು (ಕೆ ಅಂದರೆ ಸಾವಿರ ಓಮ್)
- ಸೆರಾಮಿಕ್ ಕೆಪಾಸಿಟರ್: 5.6 ಪಿಕೋಫ್ಯಾರಡ್, 15 ಪಿಕೋಫ್ಯಾರಡ್, 102, 103, 104, ತಲಾ ಎರಡು
- ಕಂಡೆನ್ಸರ್ ಮೈಕ್, ಒಂದು
- 22 ಗೇಜ್ ಎನಾಮಲ್ (ವಾರ್ನಿಷ್‌ನಂಥ ಲೇಪ ಇರುವ) ತಾಮ್ರದ ತಂತಿ, ಅರ್ಧ ಮೀಟರ್ (ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರವೂ ಸಿಗುತ್ತದೆ)
- ತಾಮ್ರದ ಹೊದಿಕೆಯ ಖಾಲಿ ಬೋರ್ಡ್, ಅಂಗೈ ಅಗಲದ ಒಂದು ತುಂಡು
- ಎರಡು ಪೆನ್ಸಿಲ್ ಸೆಲ್ ಹಿಡಿಯುವ ಹೋಲ್ಡರ್, ಸೆಲ್‌ಗಳು

ಮೈಕ್, ಬೋರ್ಡ್ ಬಿಟ್ಟರೆ ಪುಡಿ ಸಾಮಾನಿಗೆ ಒಂದು ಮಸಾಲೆ ದೋಸೆ, ಕಾಫಿಯ ಖರ್ಚು ಬರಬಹುದು ಅಷ್ಟೇ. ಒಂದೊಂದರಲ್ಲಿ ಎರಡೆರಡು ತರೋದಕ್ಕೆ ಹಿಂಜರಿಯಬೇಡಿ. ಒಂದು 5.6 ಪಿಕೋಫ್ಯಾರಡ್ ಕಳೆದುಹೋಯಿತು ಅಂತ ಮತ್ತೆ ಮಾರ್ಕೆಟ್ ಟ್ರಾಫಿಕ್‌ನಲ್ಲಿ ಹೋಗುವುದು ಯಾರಿಗೆ ಬೇಕು?

ಅಂಗಡಿ ಕೌಂಟರ್ ಬಿಡುವ ಮೊದಲು ಕೆಪಾಸಿಟರ್ ಮೇಲಿನ ಅಂಕಿ ಓದಿ. ಮೂರು ಅಂಕಿ ಇದ್ದರೆ ಮೊದಲ ಎರಡು ಬೆಲೆ, ಮೂರನೆಯದು ಎಷ್ಟು ಸೊನ್ನೆ ಅನ್ನುವುದು. 102 ಅಂದರೆ 10, ಅದರ ಮುಂದೆ ಎರಡು ಸೊನ್ನೆ, 1000 ಪಿಕೋಫ್ಯಾರಡ್. 103 ಅಂದರೆ 10,000. ಗೊಂದಲ ಆಗುವುದು ಚಿಕ್ಕವುಗಳಲ್ಲಿ. 15 ಪಿಕೋಫ್ಯಾರಡ್ ಮೇಲೆ ಬರೀ "15" ಅಂತ ಇರಬಹುದು, "150" ಅಂತಲೂ ಇರಬಹುದು. ಎರಡೂ ಒಂದೇ. ಆದರೆ "151" ಕೊಟ್ಟರೆ ಅದು 150 ಪಿಕೋಫ್ಯಾರಡ್. ಹತ್ತು ಪಟ್ಟು ಜಾಸ್ತಿ! ಒಮ್ಮೆ ನನಗೂ ಹೀಗೇ ಆಯಿತು. ಕೌಂಟರ್‌ನಲ್ಲಿ "ನೂರೈವತ್ತು" ಅಂದೆ, ಅವರು 151 ಕೊಟ್ಟರು. ನಾನು ಸಣ್ಣ ಅಕ್ಷರ ಓದದೆ ಜೇಬಿಗೆ ಹಾಕಿಕೊಂಡೆ. ಒಂದು ಭಾನುವಾರ ಪೂರ್ತಿ ಅದರಲ್ಲೇ ಹೋಯಿತು. ಅವತ್ತಿನಿಂದ ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡದೆ ಒಂದು ಕೆಪಾಸಿಟರನ್ನೂ ಕೊಳ್ಳುವುದಿಲ್ಲ.

5.6 ಸಿಗದಿದ್ದರೆ 4.7 ಪಿಕೋಫ್ಯಾರಡ್ ತನ್ನಿ, ನಡೆಯುತ್ತದೆ. ಬಿಸಿ547 ಬದಲು 2ಎನ್3904 ಕೊಟ್ಟರೂ ನಡೆಯುತ್ತದೆ, ಆದರೆ ಕಾಲುಗಳ ಕ್ರಮ ತಿರುಗಾಮುರುಗಾ. ಅದನ್ನು ಮುಂದೆ ಹೇಳುತ್ತೇನೆ.

ಟ್ರಿಮ್ಮರ್ ಕೆಪಾಸಿಟರ್ ಕೊಡಲಾ ಅಂತ ಅಂಗಡಿಯವರು ಕೇಳುತ್ತಾರೆ. ಬೇಡ ಅನ್ನಿ. ಟ್ರಿಮ್ಮರ್ ಒಂದು ಸುತ್ತು ತಿರುಗಿಸಿದರೆ ಅಲೆ ಎಲ್ಲಿಂದ ಎಲ್ಲಿಗೋ ಹಾರುತ್ತದೆ, 108 ದಾಟಿದ್ದೂ ಗೊತ್ತಾಗುವುದಿಲ್ಲ. ನಾವು ಕಾಯಿಲನ್ನೇ ಎಳೆದು ಟ್ಯೂನ್ ಮಾಡೋಣ.

## ಹಂತ 2: ಉಪಕರಣ ಜೋಡಿಸಿಕೊಳ್ಳುವುದು

25 ವಾಟ್‌ನ ಸೋಲ್ಡರಿಂಗ್ ಐರನ್, ಒಳ್ಳೆಯ ಲೆಡ್ (ಬೆಸುಗೆಗೆ ಕರಗಿಸುವ ತಂತಿ), ಫ್ಲಕ್ಸ್, ಕಟ್ಟರ್, ಬ್ಲೇಡು, ಫೆವಿಕ್ವಿಕ್. ಮಲ್ಟಿಮೀಟರ್ ಕಡ್ಡಾಯ. ಇದು ಇಲ್ಲದೆ ಶುರು ಮಾಡಬೇಡಿ, ಅಕ್ಕಪಕ್ಕದವರ ಹತ್ತಿರ ಕೇಳಿಯಾದರೂ ತನ್ನಿ.

ಐಸ್‌ಕ್ರೀಂ ಕಡ್ಡಿ ಒಂದು ಬೇಕು. ತುದಿಯನ್ನು ಬ್ಲೇಡಿನಿಂದ ತೆಳ್ಳಗೆ ಕೆತ್ತಿ. ಕಾಯಿಲ್ ಸುತ್ತುಗಳ ನಡುವೆ ತೂರಿಸಿ ಅಗಲಿಸುವುದಕ್ಕೆ ಇದೇ ಸಾಧನ. ಸ್ಕ್ರೂಡ್ರೈವರ್ ಬಳಸಬೇಡಿ. ಕಬ್ಬಿಣ ಹತ್ತಿರ ಬಂದರೆ ಅಲೆ ಒಂದು ಕಡೆ, ತೆಗೆದರೆ ಇನ್ನೊಂದು ಕಡೆ ಹೋಗುತ್ತದೆ.

ರೇಡಿಯೋ ವಿಷಯದಲ್ಲಿ ಒಂದು ಸಲಹೆ. ಕೈಯಲ್ಲಿ ತಿರುಗಿಸುವ ಗುಂಡಿ ಇರುವ ಹಳೇ ರೇಡಿಯೋ ಸಿಕ್ಕರೆ ಅದೇ ಒಳ್ಳೆಯದು. ಮೊಬೈಲ್ ಮತ್ತು ಕಾರಿನ ಎಫ್‌ಎಂ 0.1 ಮೆಗಾಹರ್ಟ್ಸ್ ಹೆಜ್ಜೆಯಲ್ಲಿ ನೆಗೆಯುತ್ತವೆ. ನಿಮ್ಮ ಅಲೆ ಎರಡು ಹೆಜ್ಜೆಯ ನಡುವೆ ಸಿಕ್ಕಿಕೊಂಡರೆ ಸರಿಯಾಗಿ ಕೇಳುವುದಿಲ್ಲ. ಜೊತೆಗೆ ಕೆಲವು ಫೋನ್‌ಗಳು ಸ್ಟೇಷನ್ ಇಲ್ಲದ ಜಾಗದಲ್ಲಿ ತಾವೇ ಸದ್ದು ಅಡಗಿಸಿಬಿಡುತ್ತವೆ. ನಾವು ಹುಡುಕುವುದೇ ಮೌನವನ್ನು ಅಂದಮೇಲೆ ಅಂಥ ಫೋನ್‌ನಿಂದ ಉಪಯೋಗವಿಲ್ಲ.

## ಹಂತ 3: ಕಾಯಿಲ್ ಸುತ್ತುವುದು

ಇಲ್ಲಿ ಸಮಯ ಕೊಡಿ. ಈ ಸರ್ಕ್ಯೂಟ್‌ನ ಜೀವ ಇರುವುದು ಈ ಪುಟ್ಟ ಸುರುಳಿಯಲ್ಲಿ.

5 ಮಿಲಿಮೀಟರ್ ಡ್ರಿಲ್ ಬಿಟ್ ತೆಗೆದುಕೊಳ್ಳಿ. ಅದರ ನುಣುಪಾದ ಬುಡದ ಮೇಲೆ ತಂತಿಯನ್ನು ಬಿಗಿಯಾಗಿ, ಒಂದಕ್ಕೊಂದು ತಾಗಿದಂತೆ ಆರು ಸುತ್ತು ಸುತ್ತಿ. ತಂತಿಗೆ ಎನಾಮಲ್ ಇರುವುದರಿಂದ ಸುತ್ತುಗಳು ತಾಗಿದರೂ ಶಾರ್ಟ್ ಆಗುವುದಿಲ್ಲ. ಎರಡೂ ಕಡೆ ಒಂದು ಸೆಂಟಿಮೀಟರ್ ಕಾಲು ಬಿಡಿ. ಡ್ರಿಲ್ ಬಿಟ್ ನಿಧಾನಕ್ಕೆ ಹೊರಗೆಳೆಯಿರಿ. ಕೈಯಲ್ಲಿ ಉಳಿಯುವುದು ಸುಮಾರು ನಾಲ್ಕೂವರೆ ಮಿಲಿಮೀಟರ್ ಉದ್ದದ ಸ್ಪ್ರಿಂಗ್.

ಸುತ್ತು ಎಣಿಸುವಾಗ ಐದೋ ಆರೋ ಅನ್ನುವ ಅನುಮಾನ ಬರುತ್ತದೆ. ಸುರುಳಿಯನ್ನು ಬೆಳಕಿಗೆ ಅಡ್ಡ ಹಿಡಿದು, ಮೇಲ್ಭಾಗದಲ್ಲಿ ಹೊಳೆಯುವ ಗೆರೆಗಳನ್ನು ಉಗುರಿನ ತುದಿಯಿಂದ ಒಂದೊಂದಾಗಿ ಎಣಿಸಿ.

ಈಗ ಕಾಲುಗಳ ಎನಾಮಲ್ ಕೆರೆಯಬೇಕು. ಎನಾಮಲ್ ತಾಮ್ರದ ಬಣ್ಣದಲ್ಲೇ ಇರುತ್ತದೆ. ಅದಕ್ಕೇ ಬಹಳ ಜನ ಮೋಸ ಹೋಗುತ್ತಾರೆ. ಬ್ಲೇಡನ್ನು ತಂತಿಗೆ ಅಡ್ಡ ಹಿಡಿದು, ತಂತಿ ತಿರುಗಿಸುತ್ತಾ ನಾಲ್ಕೂ ಕಡೆ ಕೆರೆಯಿರಿ. ಕಂದು ಪುಡಿ ಉದುರುತ್ತದೆ, ಒಳಗಿನಿಂದ ಗುಲಾಬಿ ಹೊಳಪಿನ ತಾಮ್ರ ಕಾಣುತ್ತದೆ. ಅದರ ಮೇಲೆ ಲೆಡ್ ಹಚ್ಚಿ ನೋಡಿ. ಲೆಡ್ ಬೆಳ್ಳಗೆ ಹರಡಿ ಅಂಟಿಕೊಂಡರೆ ಸರಿ. ಎಲೆಯ ಮೇಲಿನ ನೀರಿನ ಹಾಗೆ ಉಂಡೆಯಾಗಿ ಜಾರಿದರೆ ಎನಾಮಲ್ ಇನ್ನೂ ಇದೆ ಅಂತಲೇ ಅರ್ಥ.

## ಹಂತ 4: ಬೋರ್ಡ್ ತಯಾರಿ

ಬ್ರೆಡ್‌ಬೋರ್ಡ್ ಬೇಡ. ಅದರ ಪಕ್ಕಪಕ್ಕದ ಸಾಲುಗಳ ನಡುವೆಯೇ ಒಂದೆರಡು ಪಿಕೋಫ್ಯಾರಡ್ ಇರುತ್ತದೆ. ನಮ್ಮ ಸರ್ಕ್ಯೂಟ್‌ನಲ್ಲಿ 5.6 ಪಿಕೋಫ್ಯಾರಡ್ ಒಂದು ಮುಖ್ಯ ಭಾಗ ಅಂದಮೇಲೆ ಬ್ರೆಡ್‌ಬೋರ್ಡ್ ಎಷ್ಟು ಕೆಡಿಸಬಹುದು ಯೋಚಿಸಿ. ಎಲ್‌ಇಡಿ ಮಿನುಗಿಸುವುದಕ್ಕೆ ಅದು ಚೆನ್ನಾಗಿದೆ, 100 ಮೆಗಾಹರ್ಟ್ಸ್‌ಗೆ ಆಗಿಬರುವುದಿಲ್ಲ.

ತಾಮ್ರದ ಬೋರ್ಡಿನಿಂದ 5 ಸೆಂಟಿಮೀಟರ್‌ಗೆ 4 ಸೆಂಟಿಮೀಟರ್ ತುಂಡು ಕತ್ತರಿಸಿ. ಇದು ನೆಲ, ಅಂದರೆ ಮೈನಸ್. ಉಳಿದ ತುಂಡಿನಿಂದ 6 ಮಿಲಿಮೀಟರ್ ಚೌಕದ ಐದು ಚೂರು ಮಾಡಿ. ಈ ಚೂರುಗಳನ್ನು ತಾಮ್ರ ಮೇಲೆ ಬರುವಂತೆ ಫೆವಿಕ್ವಿಕ್ ಹಾಕಿ ನೆಲದ ಮೇಲೆ ಅಂಟಿಸಿ. ಚೂರುಗಳಿಗೆ ಪೆನ್ನಿನಲ್ಲಿ ಹೆಸರು ಬರೆಯಿರಿ: ಪ್ಲಸ್, ಕಲೆಕ್ಟರ್, ಬೇಸ್, ಎಮಿಟರ್, ಮೈಕ್. ಕಲೆಕ್ಟರ್, ಬೇಸ್, ಎಮಿಟರ್ ಅನ್ನುವುದು ಟ್ರಾನ್ಸಿಸ್ಟರ್‌ನ ಮೂರು ಕಾಲುಗಳ ಹೆಸರು. ಈ ಮೂರು ಚೂರೂ ಆ ಕಾಲುಗಳು ಮುಟ್ಟುವಷ್ಟು ಹತ್ತಿರ ಇರಲಿ. ಪ್ಲಸ್ ಚೂರು ಕಲೆಕ್ಟರ್ ಪಕ್ಕದಲ್ಲಿ, ಮೈಕ್ ಚೂರು ಬೇಸ್ ಆಚೆಗೆ.

ಆಸಿಡ್‌ನಲ್ಲಿ ಅದ್ದುವ ಕೆಲಸವಿಲ್ಲ, ತೂತು ಕೊರೆಯುವ ಕೆಲಸವಿಲ್ಲ. ಕೆಳಗೆ ಅಷ್ಟೂ ತಾಮ್ರ ಇರುವುದರಿಂದ ಸರ್ಕ್ಯೂಟ್ ಅಲುಗಾಡದೆ ನಿಲ್ಲುತ್ತದೆ.

## ಹಂತ 5: ಮೈಕ್ ಇಲ್ಲದೆ ಬರೀ ಆಸಿಲೇಟರ್

ಮೈಕ್, 4.7 ಕೆ, 104 ಈ ಮೂರನ್ನೂ ಒಂದು ಬಟ್ಟಲಿನಲ್ಲಿ ಹಾಕಿ ದೂರ ಇಡಿ. ಈಗ ಅವು ಬೇಡ. ಮೊದಲು ಆಸಿಲೇಟರ್, ಅಂದರೆ ಅಲೆ ಹುಟ್ಟಿಸುವ ಭಾಗ ಮಾತ್ರ.

ರೆಸಿಸ್ಟರ್‌ಗಳನ್ನು ಮಲ್ಟಿಮೀಟರ್‌ನಲ್ಲಿ ಅಳೆದು ಬೇರೆ ಬೇರೆ ಇಡಿ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 470 ಓಮ್, 4.7 ಕೆ, 47 ಕೆ ಮೂರೂ ಹಳದಿ, ನೇರಳೆ ಪಟ್ಟಿಯಿಂದಲೇ ಶುರುವಾಗುತ್ತವೆ. ಬೇರೆ ಇರುವುದು ಮೂರನೇ ಪಟ್ಟಿ ಮಾತ್ರ: 470ಕ್ಕೆ ಕಂದು, 4.7 ಕೆಗೆ ಕೆಂಪು, 47 ಕೆಗೆ ಕಿತ್ತಳೆ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಈ ಮೂರು ಬಣ್ಣ ಒಂದೇ ಥರ ಕಾಣುತ್ತವೆ. ನನ್ನ ಮುಂದೆ ಬಂದ ಕೆಟ್ಟ ಬೋರ್ಡ್‌ಗಳಲ್ಲಿ ಇದು ಮತ್ತೆ ಮತ್ತೆ ಸಿಗುವ ತಪ್ಪು.

ಈಗ ಟ್ರಾನ್ಸಿಸ್ಟರ್. ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲುಗಳು ಕೆಳಗೆ ಇರಲಿ. ಎಡಗಡೆ ಕಲೆಕ್ಟರ್, ನಡುವೆ ಬೇಸ್, ಬಲಗಡೆ ಎಮಿಟರ್. 2ಎನ್3904 ಆದರೆ ಎಡಗಡೆ ಎಮಿಟರ್, ಬಲಗಡೆ ಕಲೆಕ್ಟರ್.

ಬೆಸುಗೆಯ ಕ್ರಮ ಹೀಗಿರಲಿ:

1. 103 ಕೆಪಾಸಿಟರ್: ಪ್ಲಸ್ ಚೂರಿನಿಂದ ನೆಲಕ್ಕೆ.
2. 470 ಓಮ್: ಎಮಿಟರ್ ಚೂರಿನಿಂದ ನೆಲಕ್ಕೆ.
3. 102 ಕೆಪಾಸಿಟರ್: ಬೇಸ್ ಚೂರಿನಿಂದ ನೆಲಕ್ಕೆ.
4. 47 ಕೆ: ಪ್ಲಸ್ ಚೂರಿನಿಂದ ಬೇಸ್ ಚೂರಿಗೆ.
5. 15 ಪಿಕೋಫ್ಯಾರಡ್: ಪ್ಲಸ್ ಚೂರಿನಿಂದ ಕಲೆಕ್ಟರ್ ಚೂರಿಗೆ.
6. ಕಾಯಿಲ್: ಇದೂ ಪ್ಲಸ್‌ನಿಂದ ಕಲೆಕ್ಟರ್‌ಗೆ, ಆ 15ರ ಪಕ್ಕದಲ್ಲೇ. ನೆಲಕ್ಕೆ ತಾಗದಂತೆ ಅರ್ಧ ಸೆಂಟಿಮೀಟರ್ ಮೇಲೆ ನಿಂತಿರಲಿ.
7. 5.6 ಪಿಕೋಫ್ಯಾರಡ್: ಕಲೆಕ್ಟರ್ ಚೂರಿನಿಂದ ಎಮಿಟರ್ ಚೂರಿಗೆ.
8. ಕೊನೆಗೆ ಟ್ರಾನ್ಸಿಸ್ಟರ್.

ಎಲ್ಲಾ ಕಾಲುಗಳೂ 5 ಮಿಲಿಮೀಟರ್ ಒಳಗೆ ಇರಲಿ. ಕಾಲು ಕತ್ತರಿಸುವುದಕ್ಕೆ ಮನಸ್ಸು ಬಾರದೆ "ಮುಂದೆ ಬೇರೆ ಸರ್ಕ್ಯೂಟ್‌ಗೆ ಬೇಕಾಗುತ್ತೆ" ಅಂತ ಉದ್ದ ಬಿಡುತ್ತಾರೆ. ಇಷ್ಟು ವೇಗದ ಕಂಪನದಲ್ಲಿ ಉದ್ದ ಕಾಲೂ ಒಂದು ಕಾಯಿಲ್ಲೇ. ಅದು ತನ್ನದೇ ಲೆಕ್ಕ ಸೇರಿಸಿಕೊಳ್ಳುತ್ತದೆ.

## ಹಂತ 6: ಕರೆಂಟ್ ಅಳೆಯುವುದು

ರೇಡಿಯೋ ಇನ್ನೂ ಹಚ್ಚಬೇಡಿ. ಹೋಲ್ಡರ್‌ನ ಕಪ್ಪು ವೈರ್ ನೆಲಕ್ಕೆ ಬೆಸೆಯಿರಿ. ಕೆಂಪು ವೈರ್ ಮತ್ತು ಪ್ಲಸ್ ಚೂರಿನ ನಡುವೆ ಮಲ್ಟಿಮೀಟರನ್ನು ಮಿಲಿಆಂಪ್‌ನಲ್ಲಿಟ್ಟು ಜೋಡಿಸಿ. ಎರಡು ಸೆಲ್ ಸೇರಿ 3 ವೋಲ್ಟ್.

ಮೀಟರ್ 2.5ರಿಂದ 4.5 ಮಿಲಿಆಂಪ್ ತೋರಿಸಿದರೆ ಸಂತೋಷ, ಮುಂದಿನ ಹಂತಕ್ಕೆ ಹೋಗಿ. ಬೇರೆ ಏನಾದರೂ ತೋರಿಸಿದರೆ ಆ ಅಂಕಿಯೇ ರೋಗ ಯಾವುದು ಅಂತ ಹೇಳುತ್ತದೆ.

0.05ರ ಆಸುಪಾಸು ಇದ್ದರೆ ಕಲೆಕ್ಟರ್‌ಗೆ ಕರೆಂಟ್ ಮುಟ್ಟುತ್ತಿಲ್ಲ. ಕಾಯಿಲ್‌ನ ಎನಾಮಲ್ ಕೆರೆದಿಲ್ಲ, ಇಲ್ಲವೇ 470 ಮತ್ತು 47 ಕೆ ಅದಲುಬದಲಾಗಿವೆ. 0.3ರಿಂದ 0.5 ಇದ್ದರೆ ಟ್ರಾನ್ಸಿಸ್ಟರ್ ಹಿಂದುಮುಂದಾಗಿದೆ, ಅಥವಾ ಎಮಿಟರ್‌ನಲ್ಲಿ 470ರ ಬದಲು 4.7 ಕೆ ಕೂತಿದೆ. 10 ದಾಟಿದರೆ ಎಮಿಟರ್ ಚೂರಿನಿಂದ ಲೆಡ್ ಹರಿದು ನೆಲಕ್ಕೆ ತಾಗಿದೆ. ಮೀಟರ್ ನೂರಾರು ಮಿಲಿಆಂಪ್‌ಗೆ ಹಾರಿದರೆ ಪ್ಲಸ್, ಮೈನಸ್ ಸೇರಿಕೊಂಡಿವೆ. ತಕ್ಷಣ ಸೆಲ್ ತೆಗೆಯಿರಿ. ಸೆಲ್ ಬಿಸಿಯಾಗುತ್ತಿದ್ದರೆ ಇನ್ನೂ ಬೇಗ!

ಅಂಕಿ ಸರಿ ಇದ್ದರೆ ಒಂದು ಪರೀಕ್ಷೆ ಮಾಡಿ. ಮೀಟರ್ ಮೇಲೆ ಕಣ್ಣಿಟ್ಟು ಕಾಯಿಲ್‌ನ ಕಲೆಕ್ಟರ್ ತುದಿಯನ್ನು ಒದ್ದೆ ಬೆರಳಿನಿಂದ ಮುಟ್ಟಿ. ಮೂರೇ ವೋಲ್ಟ್, ಹೆದರಬೇಡಿ. ಕರೆಂಟ್ ಸ್ವಲ್ಪ ಕದಲಿದರೆ ಸರ್ಕ್ಯೂಟ್ ಕಂಪಿಸುತ್ತಿದೆ ಅನ್ನುವುದಕ್ಕೆ ಅದು ಒಳ್ಳೆಯ ಗುರುತು. ಒಂಚೂರೂ ಕದಲದಿದ್ದರೆ 5.6 ಪಿಕೋಫ್ಯಾರಡ್ ಮತ್ತು 102 ಎರಡನ್ನೂ ಮತ್ತೆ ನೋಡಿ. ಒಂದೋ ಬೆಲೆ ತಪ್ಪು, ಇಲ್ಲವೇ ಬೆಸುಗೆ ಹಿಡಿದಿಲ್ಲ.

## ಹಂತ 7: ಖಾಲಿ ಜಾಗ ಮತ್ತು ಮೌನ

ಮೊದಲು ಡಯಲ್‌ನಲ್ಲಿ ಖಾಲಿ ಜಾಗ ಹುಡುಕಿ. ಬೆಂಗಳೂರಿನ ಗಾಳಿ ತುಂಬಿದೆ. 91.1, 91.9, 92.7, 93.5, 98.3, 101.3, 102.9, 104, ಹೀಗೆ ಸಾಲು ಸಾಲು. ಒಮ್ಮೆ ಡಯಲ್ ಈ ತುದಿಯಿಂದ ಆ ತುದಿಗೆ ತಿರುಗಿಸಿ, ಸ್ಟೇಷನ್ ಎಲ್ಲೆಲ್ಲಿ ಬರುತ್ತದೆ ಅಂತ ಕಾಗದದಲ್ಲಿ ಬರೆದುಕೊಳ್ಳಿ. ಎರಡೂ ಬದಿ ಕನಿಷ್ಠ ಅರ್ಧ ಮೆಗಾಹರ್ಟ್ಸ್ ಖಾಲಿ ಇರುವ ಜಾಗ ಆರಿಸಿ. ಜಯನಗರದಲ್ಲಿ ಖಾಲಿ ಅನ್ನಿಸಿದ್ದು ಹೆಬ್ಬಾಳದಲ್ಲಿ ಖಾಲಿ ಇರಬೇಕು ಅಂತಿಲ್ಲ, ನಿಮ್ಮ ಮನೆಯಲ್ಲೇ ಕೇಳಿ ನೋಡಿ. 105ಕ್ಕಿಂತ ಮೇಲೆ ಹೋಗಬೇಡಿ. ವಿಮಾನಗಳ ಜಾಗಕ್ಕೂ ನಮಗೂ ಅಂತರ ಇರಲಿ.

ಮಲ್ಟಿಮೀಟರ್ ತೆಗೆದು ಹೋಲ್ಡರ್‌ನ ಕೆಂಪು ವೈರನ್ನು ಪ್ಲಸ್ ಚೂರಿಗೆ ಬೆಸೆಯಿರಿ. ರೇಡಿಯೋವನ್ನು ಆ ಖಾಲಿ ಜಾಗದಲ್ಲಿ ನಿಲ್ಲಿಸಿ. ಬೋರ್ಡಿನಿಂದ ಒಂದು ಮೀಟರ್ ದೂರ ಇಡಿ, "ಸ್ಸ್ಸ್" ಚೆನ್ನಾಗಿ ಕೇಳುವಷ್ಟು ವಾಲ್ಯೂಮ್ ಇರಲಿ. ಕಾಯಿಲ್ ಬಿಗಿಯಾಗಿರುವಾಗ ಅಲೆ ಸುಮಾರು 75 ಮೆಗಾಹರ್ಟ್ಸ್‌ನಲ್ಲಿರುತ್ತದೆ. ರೇಡಿಯೋಗೆ ಅದು ಕೇಳುವುದಿಲ್ಲ. ಈಗ ಐಸ್‌ಕ್ರೀಂ ಕಡ್ಡಿಯಿಂದ ಸುತ್ತುಗಳನ್ನು ಒಂದೊಂದಾಗಿ, ಕೂದಲೆಳೆಯಷ್ಟು ಅಗಲಿಸಿ. ಕೈ ಹಿಂದೆ ತೆಗೆಯಿರಿ, ಕೇಳಿ. ಮತ್ತೆ ಅಗಲಿಸಿ, ಕೈ ತೆಗೆಯಿರಿ, ಕೇಳಿ. ಕೈ ಹತ್ತಿರ ಇದ್ದಾಗ ಅಲೆ ಕೆಳಗೆ ಇಳಿದಿರುತ್ತದೆ. ಅದಕ್ಕೇ ಪ್ರತಿ ಸಲ ಕೈ ತೆಗೆಯಲೇಬೇಕು.

ಸುರುಳಿ 9 ಮಿಲಿಮೀಟರ್ ಆಸುಪಾಸು ಉದ್ದವಾದಾಗ ಅಲೆ 90ರ ನಡುವಿಗೆ ಬರುತ್ತದೆ. 12 ಮಿಲಿಮೀಟರ್ ಆದರೆ 105ರ ಹತ್ತಿರ. ನಿಮ್ಮ ಬೋರ್ಡಿನಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಆಗಬಹುದು. 12 ದಾಟಿದರೂ ಏನೂ ಕೇಳದಿದ್ದರೆ ಇನ್ನೂ ಎಳೆಯಬೇಡಿ. ಸೆಲ್ ತೆಗೆದು ಕಾಯಿಲನ್ನು ಮತ್ತೆ ಒತ್ತಿ ಬಿಗಿ ಮಾಡಿ, ಹಂತ 5ಕ್ಕೆ ವಾಪಸ್ ಹೋಗಿ.

ಆ ಕ್ಷಣ ಹೇಗಿರುತ್ತದೆ ಗೊತ್ತಾ? ಸೋನೆ ಮಳೆಯ ಹಾಗೆ ಸುರಿಯುತ್ತಿದ್ದ ಸದ್ದು ತಟ್ಟನೆ ನಿಂತುಬಿಡುತ್ತದೆ. ಸ್ಪೀಕರ್ ಆಫ್ ಆಯಿತೇನೋ ಅನ್ನಿಸುತ್ತದೆ. ಸೆಲ್ ತೆಗೆದು ನೋಡಿ, ಸದ್ದು ವಾಪಸ್ ಬರುತ್ತದೆ. ಹಾಕಿ, ಮತ್ತೆ ಮೌನ. ಬೆರಳಿನಿಂದ ಬೋರ್ಡನ್ನು ಮೆಲ್ಲಗೆ ತಟ್ಟಿದರೆ ಸ್ಪೀಕರ್‌ನಲ್ಲಿ "ಟಕ್" ಅನ್ನಬಹುದು. ಕಾಯಿಲ್ ನಡುಗಿದ್ದೇ ಧ್ವನಿಯಾಗಿ ಬಂದಿದೆ.

ಇಲ್ಲಿ ಒಂದು ಎಚ್ಚರಿಕೆ. ಹಳೇ ಮಾದರಿಯ ರೇಡಿಯೋಗಳಿಗೆ ಪ್ರತಿಬಿಂಬ ಅನ್ನುವ ಕಾಯಿಲೆ ಇದೆ. ಅವುಗಳ ಒಳಗೆ 10.7 ಮೆಗಾಹರ್ಟ್ಸ್‌ನಲ್ಲಿ ಕೆಲಸ ನಡೆಯುತ್ತದೆ. ಹಾಗಾಗಿ ಡಯಲ್ ತೋರಿಸುವ ಜಾಗಕ್ಕಿಂತ 21.4 ಮೆಗಾಹರ್ಟ್ಸ್ ಮೇಲಿರುವ ಜೋರಾದ ಸಿಗ್ನಲ್ ಕೂಡ ಅದೇ ಜಾಗದಲ್ಲಿ ಕೇಳಿಸಿಬಿಡಬಹುದು. ಡಯಲ್ 97 ಅನ್ನುತ್ತಿದ್ದರೂ ನಿಮ್ಮ ಅಲೆ 118.4ರಲ್ಲಿ, ಪೈಲಟ್‌ಗಳ ಜಾಗದಲ್ಲಿ ಇರಬಹುದು! ಬಿಗಿ ಕಾಯಿಲ್‌ನಿಂದ ಶುರು ಮಾಡಿ ಮೇಲೆ ಹತ್ತಿದರೆ ಮೊದಲು ಸಿಗುವುದು ನಿಜವಾದ ಜಾಗವೇ. ಸಿಕ್ಕಿದ ಕೂಡಲೇ ನಿಲ್ಲಿಸಿ. "ಇನ್ನೂ ಜೋರಾಗಿ ಬರಬಹುದು" ಅಂತ ಮತ್ತೆ ಎಳೆಯಬೇಡಿ.

## ಹಂತ 8: ಈಗ ಮೈಕ್

ಸೆಲ್ ತೆಗೆಯಿರಿ. ಮೈಕ್ ತಿರುಗಿಸಿ ಹಿಂಭಾಗ ನೋಡಿ. ಎರಡು ಬೆಸುಗೆ ಗುರುತುಗಳಿವೆ. ಅದರಲ್ಲಿ ಒಂದರಿಂದ ಸಣ್ಣ ಗೆರೆಗಳು ಹೊರಟು ಮೈಕ್‌ನ ಲೋಹದ ಕವಚಕ್ಕೆ ಸೇರುತ್ತವೆ. ಅದು ಮೈನಸ್. ಕಣ್ಣಿಗೆ ಕಾಣದಿದ್ದರೆ ಮಲ್ಟಿಮೀಟರ್‌ನ ಬೀಪ್‌ನಿಂದ ಕವಚಕ್ಕೂ ಗುರುತಿಗೂ ಮುಟ್ಟಿಸಿ ನೋಡಿ.

4.7 ಕೆಯನ್ನು ಪ್ಲಸ್ ಚೂರಿನಿಂದ ಮೈಕ್ ಚೂರಿಗೆ, 104ನ್ನು ಮೈಕ್ ಚೂರಿನಿಂದ ಬೇಸ್ ಚೂರಿಗೆ ಬೆಸೆಯಿರಿ. ಮೈಕ್‌ನ ಮೈನಸ್ ನೆಲಕ್ಕೆ, ಇನ್ನೊಂದು ಮೈಕ್ ಚೂರಿಗೆ. ಮೈಕ್ ಮೇಲೆ ಐರನ್ ಎರಡು ಸೆಕೆಂಡ್‌ಗಿಂತ ಜಾಸ್ತಿ ಇಡಬೇಡಿ, ಒಳಗಿನ ಪೊರೆ ಶಾಖ ತಡೆಯುವುದಿಲ್ಲ.

ಸೆಲ್ ಹಾಕಿ ಮೈಕ್‌ನ ಎರಡು ತುದಿಯ ನಡುವೆ ವೋಲ್ಟೇಜ್ ನೋಡಿ. 1ರಿಂದ 2 ವೋಲ್ಟ್ ಇರಬೇಕು. ಪೂರ್ತಿ 3 ಇದ್ದರೆ ಮೈಕ್ ಕರೆಂಟ್ ಎಳೆಯುತ್ತಿಲ್ಲ, ಅಂದರೆ ಬೆಸುಗೆ ಬಿಟ್ಟಿದೆ ಅಥವಾ ಮೈಕ್ ಸುಟ್ಟಿದೆ. ಸೊನ್ನೆ ಇದ್ದರೆ ಎಲ್ಲೋ ಶಾರ್ಟ್.

ಹೊಸ ಬೆಸುಗೆಯ ಬಿಸಿಯಿಂದ ಅಲೆ ಸ್ವಲ್ಪ ಜರುಗಿರುತ್ತದೆ. ಹತ್ತು ನಿಮಿಷ ಆರಲು ಬಿಡಿ. ಆಮೇಲೆ ರೇಡಿಯೋದಲ್ಲಿ ಆ ಮೌನವನ್ನು ಮತ್ತೆ ಹುಡುಕಿ. ಕೋಣೆಯ ಗಡಿಯಾರವನ್ನು ಮೈಕ್ ಹತ್ತಿರ ಇಟ್ಟು ನೋಡಿ. ಆ ಮೌನದ ಒಳಗಿಂದ "ಟಿಕ್ ಟಿಕ್" ಬಂದಾಗ ಆಗುವ ಖುಷಿಯೇ ಬೇರೆ.

ರೇಡಿಯೋ ಹತ್ತಿರ ಇದ್ದರೆ ಕಿವಿ ಚುಚ್ಚುವ ಹಾಗೆ "ಕುಯ್ಯ್" ಅನ್ನುತ್ತದೆ. ಗಾಬರಿ ಬೇಡ. ಸ್ಪೀಕರ್‌ನ ಸದ್ದು ಮೈಕ್‌ಗೆ ಹೋಗಿ ಸುತ್ತು ಹೊಡೆಯುತ್ತಿದೆ, ಎಲ್ಲವೂ ಕೆಲಸ ಮಾಡುತ್ತಿದೆ ಅಂತ ಅರ್ಥ. ವಾಲ್ಯೂಮ್ ಇಳಿಸಿ, ಅಥವಾ ರೇಡಿಯೋಗೆ ಇಯರ್‌ಫೋನ್ ಹಾಕಿ.

## ಹಂತ 9: ಅಲುಗಾಡದಂತೆ ಕೂರಿಸುವುದು

ಎಲ್ಲಾ ಸರಿ ಹೋದ ಮೇಲೆ ಮೇಣದಬತ್ತಿಯಿಂದ ಒಂದೆರಡು ಹನಿ ಕಾಯಿಲ್ ಮೇಲೆ ಬಿಡಿ. ಸುತ್ತುಗಳು ಗಟ್ಟಿಯಾಗಿ ಕೂರುತ್ತವೆ. ಮೇಣ ಬಿದ್ದಮೇಲೆ ಅಲೆ ಸ್ವಲ್ಪ ಕೆಳಗೆ ಇಳಿಯುತ್ತದೆ. ಹೊಸ ಜಾಗದಲ್ಲಿ ಯಾವುದಾದರೂ ಸ್ಟೇಷನ್ ಇದ್ದರೆ ಮೇಣ ಕೆರೆದು ಮತ್ತೆ ಟ್ಯೂನ್ ಮಾಡಿ.

ಪ್ಲಾಸ್ಟಿಕ್ ಸೋಪಿನ ಡಬ್ಬಿ ಸಾಕು. ಸ್ಟೀಲ್ ಡಬ್ಬಿಯಲ್ಲಿ ಇಟ್ಟು ಮುಚ್ಚಿದರೆ ಅಲೆ ಒಳಗೇ ಉಳಿಯುತ್ತದೆ, ಫ್ರೀಕ್ವೆನ್ಸಿಯೂ ಕದಲುತ್ತದೆ. ಕಾಯಿಲ್‌ಗೆ ಉದ್ದ ವೈರ್ ಬೆಸೆದು "ಎಷ್ಟು ದೂರ ಹೋಗುತ್ತೆ ನೋಡೋಣ" ಅನ್ನುವ ಆಸೆ ಬರುತ್ತದೆ, ನನಗೆ ಗೊತ್ತು. ದಯವಿಟ್ಟು ಬೇಡ. ವೈರ್ ಬೆಸೆದ ಕೂಡಲೇ ಅದು ಮೇಜಿನ ಪ್ರಯೋಗ ಆಗಿ ಉಳಿಯುವುದಿಲ್ಲ, ಪಕ್ಕದ ಮನೆಯ ಅಜ್ಜಿ ಕೇಳುತ್ತಿರುವ ಹಾಡಿನ ಮೇಲೆ ಹೋಗಿ ಕೂರುತ್ತದೆ.

## ಕೆಲಸ ಮಾಡುತ್ತಿದೆ, ಆದರೆ ಸರಿ ಇಲ್ಲ ಅಂದಾಗ

ಧ್ವನಿ ಒಡೆದು ಕರಕರ ಅನ್ನುತ್ತಿದ್ದರೆ ಮೈಕ್‌ಗೆ ಬಾಯಿ ತೀರಾ ಹತ್ತಿರ ಇದೆ. ಒಂದು ಅಡಿ ದೂರದಿಂದ ಮಾತಾಡಿ. ಆಗಲೂ ಒಡೆದರೆ 104 ಮತ್ತು ಬೇಸ್ ಚೂರಿನ ನಡುವೆ ಆ 22 ಕೆ ರೆಸಿಸ್ಟರ್ ಸೇರಿಸಿ.

ಧ್ವನಿ ಕಂಬಳಿ ಹೊದ್ದ ಹಾಗೆ ಮಂದವಾಗಿದ್ದರೆ ಅದು ನಿಮ್ಮ ತಪ್ಪಲ್ಲ. ಎಫ್‌ಎಂ ಸ್ಟೇಷನ್‌ಗಳು ತೀಕ್ಷ್ಣ ಸ್ವರಗಳನ್ನು ಎತ್ತಿ ಕಳಿಸುತ್ತವೆ, ರೇಡಿಯೋ ಅವನ್ನು ಅಷ್ಟೇ ತಗ್ಗಿಸುತ್ತದೆ. ನಮ್ಮ ಸರ್ಕ್ಯೂಟ್ ಎತ್ತುವುದಿಲ್ಲ, ರೇಡಿಯೋ ಮಾತ್ರ ತಗ್ಗಿಸುತ್ತದೆ.

"ಗುಂಯ್" ಅಂತ ಹಿಂದೆ ಸದ್ದು ಇದ್ದರೆ ಯಾರೋ ಸೆಲ್ ಬದಲು ಮೊಬೈಲ್ ಚಾರ್ಜರ್ ಹಾಕಿದ್ದಾರೆ. ಸೆಲ್‌ಗೆ ವಾಪಸ್ ಬನ್ನಿ. ಒಂಬತ್ತು ವೋಲ್ಟ್ ಬ್ಯಾಟರಿಯೂ ಬೇಡ. ಕರೆಂಟ್ ಮೂರ್ನಾಲ್ಕು ಪಟ್ಟು ಏರುತ್ತದೆ, ಟ್ರಾನ್ಸಿಸ್ಟರ್ ಬೆಚ್ಚಗಾಗುತ್ತದೆ, ಬೆಚ್ಚಗಾದಂತೆ ಅಲೆ ಜರುಗುತ್ತಲೇ ಇರುತ್ತದೆ.

ಹೊಸ ಸೆಲ್ ಹಾಕಿದಾಗ ಸಿಕ್ಕ ಜಾಗ ಕೆಲವು ದಿನಗಳಲ್ಲಿ ಮೆಲ್ಲಗೆ ಬದಲಾದರೆ ಸೆಲ್ ಇಳಿಯುತ್ತಿದೆ ಅಂತ. ಒಂದೊಂದು ಸೆಲ್ 1.2 ವೋಲ್ಟ್‌ಗಿಂತ ಕೆಳಗೆ ಬಂದಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಹಳೇದೊಂದು ಹೊಸದೊಂದು ಸೇರಿಸಬೇಡಿ. ಬದಲಿಸಿದ ಮೇಲೆ ರೇಡಿಯೋ ಹಚ್ಚಿ ಆ ಮೌನ ಎಲ್ಲಿದೆ ಅಂತ ಇನ್ನೊಮ್ಮೆ ನೋಡಿಕೊಂಡು ಆಮೇಲೆ ಡಬ್ಬಿ ಮುಚ್ಚಿ.